ಕರಗಿಸಿದ ಮೇಲೆ ಒಂದೂವರೆ ತಾಸು

ಫೆಬ್ರವರಿ 3, ಮಂಗಳವಾರ

ಏಳರ ಬಸ್ಸು. ಕುರುಗೋಡಿನಿಂದ ಬಳ್ಳಾರಿವರೆಗೂ ನಿಂತೇ ಬಂದೆ. ಲ್ಯಾಬಿನಲ್ಲಿ ಇಂದು ಎಣಿಕೆ. ರಕ್ತ ಇಳಿಯದ ಕಾಲಿಗೆ ಔಷಧಿಯಾಗಿ ಚುಚ್ಚುವ ಜೀವಕೋಶ; ಬ್ಯಾಚು ಒಂದೇ, ಎಣಿಸುವ ಲ್ಯಾಬು ಮೂರು — ನಮ್ಮದು, ಹೈದರಾಬಾದ್, ಬೆಂಗಳೂರು. ನೀಲಿ ಬಣ್ಣ ಹಾಕಿದರೆ ಸತ್ತವು ನೀಲಿಯಾಗುತ್ತವೆ, ಬದುಕಿದ್ದವು ಬೆಳ್ಳಗೇ ಇರುತ್ತವೆ. ನೂರಕ್ಕೆ ಎಪ್ಪತ್ತು ಬದುಕಿದ್ದರೆ ಪಾಸ್.

ಹೆಪ್ಪುಗಟ್ಟಿದ್ದನ್ನು ಕರಗಿಸಿದೆ. ಮೈಕ್ರೋಸ್ಕೋಪಿನ ಬಲ್ಬು ಢಮ್! ಹೊಸದು ತರುವಷ್ಟರಲ್ಲಿ ಒಂದೂವರೆ ತಾಸು. ಎಣಿಸಿದರೆ ಐವತ್ತೆಂಟು. ಅವರಿಬ್ಬರದು ಎಂಬತ್ತರ ಮೇಲೆ.

"ಸರ್, ಒಮ್ಮೆ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಬರ್ರಿ," ಅಂದರು ಲ್ಯಾಬಿನ ಮುಖ್ಯಸ್ಥೆ ಶೈಲಜಾ ಮೇಡಂ.

ಫೆ. 4

ಬೇರೆ ಸೀಸೆ. ಕರಗಿಸಿದ ಐದೇ ನಿಮಿಷಕ್ಕೆ ಎಣಿಸಿದೆ. ಎಂಬತ್ತೈದು. ಕಣ್ಣು ಆಲ್‌ರೈಟ್.

ಮೇಡಂ ಖುಷ್. "ನಿನ್ನೇದು ಬಿಡ್ರಿ. ಸೈನ್ ಮಾಡ್ರಿ, ನಾಳೆ ಗಾಡಿ ಹೊಂಡತೈತಿ."

ಪೆನ್ನು ತೆಗೆದವನು ನಿಂತೆ. ಕರಗಿಸುವುದು ಇಲ್ಲಿ. ಕಾಲಿಗೆ ಚುಚ್ಚುವುದು ಸಿರುಗುಪ್ಪ ಆಸ್ಪತ್ರೆಯಲ್ಲಿ. ನಡುವೆ ಒಂದೂವರೆ ತಾಸು...

"ಮೇಡಂ, ಮೂರೂ ಲ್ಯಾಬು ಸರಿಯಾಗೇ ಎಣಿಸೇವಿ. ತಪ್ಪು ಹೊತ್ತಿನಾಗ ಎಣಿಸೇವಿ."

"ರೂಲ್ಸಿನಾಗ ಹತ್ತು ನಿಮಿಷದೊಳಗ ಅಂತ ಐತಿ ಸರ್."

"ರೂಲ್ಸು ಸಿರುಗುಪ್ಪ ರೋಡ್ ನೋಡಿಲ್ರಿ."

ಸೈನ್ ಮಾಡಲಿಲ್ಲ. ಕಾಲೇಜಿನಲ್ಲಿ ಜುವಾಲಜಿ ಲೆಕ್ಚರರ್ ಹೇಳುತ್ತಿದ್ದರು: ಅಬ್ಸರ್ವೇಶನ್ ಫಸ್ಟ್, ಒಪಿನಿಯನ್ ಆಫ್ಟರ್‌ವರ್ಡ್ಸ್... ಅಥವಾ ಉಲ್ಟಾನೋ. ಹೆಂಡತಿ ಅಕ್ಕನಾಗಮ್ಮ ಇದ್ದಿದ್ದರೆ "ಮೊಂಡ ಗಂಡ" ಅನ್ನುತ್ತಿದ್ದಳು. ಅಂದು, ಬುತ್ತಿಯನ್ನೂ ಕಟ್ಟುತ್ತಿದ್ದಳು. ಅವಳು ಹೋಗಿ ಎರಡು ವರ್ಷ.

ಫೆ. 5

ಹೈದರಾಬಾದಿನಲ್ಲಿ ಎಣಿಸುವವನು ಹನುಮೇಶ್. ರಾರಾವಿ ಹುಟ್ಟೂರು, ಈಗ ಮಾತಿಗೊಂದು ತೆಲುಗು; ನನ್ನನ್ನು ಕರೆಯುವುದೂ 'ಪೆದ್ದಾಯನಾ', ಹಿರಿಯರೇ ಅಂತ. ಫೋನ್ ಮಾಡಿದೆ.

"ಏಮಂಡಿ ಪೆದ್ದಾಯನಾ! ನಿಮ್ಮ ಬಲ್ಬ್ ಹೋದ್ರ ನಮ್ಮ ಸೆಲ್ಸ್ ಯಾಕ್ರಿ ಸಾಯಬೇಕು?"

"ಒಂದೂವರೆ ತಾಸು ಬಿಟ್ಟು ಎಣಿಸಲೇ. ಆಮ್ಯಾಲ ನಗುವಂತಿ."

ಸಂಜೆ ಅವನೇ ಮಾಡಿದ. ನಗಲಿಲ್ಲ. ಅರವತ್ತು. ಬೆಂಗಳೂರಿನವರದು ಐವತ್ತೇಳು. ಮೂರೂ ಲ್ಯಾಬು ಒಪ್ಪಿದವು — ಫೇಲ್ ಎಂದು. ಗಾಡಿ ಹೊರಡಲಿಲ್ಲ.

ಫೆ. 7, ಶನಿವಾರ

ಮನಸ್ಸು ತಡೆಯಲಿಲ್ಲ. ಸಿರುಗುಪ್ಪಕ್ಕೆ ಹೋದೆ. ಪೇಷಂಟ್ ಜಡೆಮ್ಮ, ಕರೂರಿನವಳು, ಭತ್ತದ ನಾಟಿ ಕೆಲಸ. ಎಡಗಾಲಿಗೆ ರಕ್ತ ಇಳಿಯುತ್ತಿಲ್ಲ. ಹನ್ನೆರಡನೇ ತಾರೀಖಿನೊಳಗೆ ನಮ್ಮ ಔಷಧಿ ಬರದಿದ್ದರೆ ಹದಿಮೂರಕ್ಕೆ ಮೊಣಕಾಲ ಕೆಳಗೆ ತೆಗೆಯುತ್ತಾರಂತೆ.

"ಬರೋ ಔಷಧಿ ನಿಲ್ಲಿಸಿದಾಂವ ನೀನ ಏನಣ್ಣಾ?"

"ಹೌದವ್ವ. ಅರ್ಧ ಸತ್ತ ಸಸಿ ಕೊಟ್ರ ನಾಟಿ ಮಾಡ್ತಿಯೇನು?"

"ಕೊಟ್ಟಾಂವನ ಮಾರಿಗೇ ಒಗೀತೀನಿ!" ನಕ್ಕಳು. ಆಮೇಲೆ ನಗು ನಿಂತಿತು. "ಮತ್ತ ಚಲೋ ಸಸಿ ಯಾವಾಗ ತರ್ತಿ?"

ಬಸ್ಸಿನ ಹೊತ್ತಾಯಿತೆಂದು ಎದ್ದೆ.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡದ್ದು: ದನದ ಆಸ್ಪತ್ರೆಯವನ ಬೈಕು, ಹಿಂದೆ ಕಟ್ಟಿದ ನೈಟ್ರೋಜನ್ ಕ್ಯಾನು. ಹೋರಿಯ ವೀರ್ಯ ಹೆಪ್ಪುಗಟ್ಟಿಯೇ ರೈತನ ದನದ ಕೊಟ್ಟಿಗೆ ಮುಟ್ಟುತ್ತದೆ. ನಮ್ಮದೇಕೆ ಬಳ್ಳಾರಿಯಲ್ಲೇ ಕರಗಬೇಕು?

ಫೆ. 9

ಕ್ಯಾನಿನ ವಿಷಯ ಹೇಳಿದೆ. ಮೇಡಂ ನಕ್ಕರು. "ದನದ ಡಾಕ್ಟರ್ ಕಡೆ ಟ್ರೇನಿಂಗ್ ತಗೊಂಡ್ರೇನು?" ನಗುತ್ತಲೇ ಫೋನ್ ಎತ್ತಿಕೊಂಡರು. ಶುದ್ಧವಾದ ಕ್ಯಾನು ಹನುಮೇಶನ ಲ್ಯಾಬಿನಿಂದ. ಕರಗಿಸುವ ಮಷೀನು, ಮೈಕ್ರೋಸ್ಕೋಪು ನಮ್ಮವೇ ಹೊತ್ತೊಯ್ಯುವುದು. ಕ್ರಮ ಬದಲಿಸಲು ಮೂರೂ ಲ್ಯಾಬಿನ ಒಪ್ಪಿಗೆ ಬೇಕು, ಆಸ್ಪತ್ರೆಯ ಕಮಿಟಿಯದೂ ಬೇಕು. ಅರ್ಜಿ ಇಂಗ್ಲಿಷಿನಲ್ಲಿ ನಾನೇ ಬರೆದೆ. "ಐ ಹಂಬ್ಲಿ ಬೆಗ್" ಅಂತ ಶುರು. ಮೇಡಂ ಹೊಡೆದುಹಾಕಿದರು. "ಬೇಡಾಕತ್ತಿಲ್ರಿ, ಲೆಕ್ಕ ತೋರಸಾಕತ್ತೇವಿ."

ಫೆ. 12, ಗುರುವಾರ

ಒಪ್ಪಿಗೆ ನಿನ್ನೆ ಸಂಜೆ ಬಂತು. ಲ್ಯಾಬಿನ ಗಾಡಿಯಲ್ಲಿ ಕ್ಯಾನು ಕಾಲ ನಡುವೆ ಇಟ್ಟುಕೊಂಡೇ ಸಿರುಗುಪ್ಪಕ್ಕೆ ಬಂದೆ. 10.20 — ಜಡೆಮ್ಮನ ಪಕ್ಕದ ಕೋಣೆಯಲ್ಲೇ ಕರಗಿಸಿದ್ದು. 10.26 — ಎಂಬತ್ತಮೂರು. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಎಣಿಸಿದೆ. ಎಂಬತ್ತೊಂದು. ಸೈನ್ ಮಾಡಿದೆ. ಮೀನಖಂಡಕ್ಕೆ ಚುಚ್ಚಿದರು. ಜಡೆಮ್ಮ ದೇವರನ್ನಲ್ಲ, ನನ್ನನ್ನು ಬೈದಳು.

ಕಾಲು ತೆಗೆಯುವುದು ಆರು ವಾರ ಮುಂದಕ್ಕೆ. ಆಗಲೂ ರಕ್ತ ಹರಿಯದಿದ್ದರೆ...

ಮಾರ್ಚ್ 26, ಬೆಳಿಗ್ಗೆ 11

ಸಿರುಗುಪ್ಪ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕುತ್ತಿದ್ದಾರೆ. ಬಹಳ ಹೊತ್ತಾಯಿತು.

ಈಗ ಜಡೆಮ್ಮನ ದನಿ: "ಏನ್ರೀ, ಸಿಕ್ಕತೋ ಇಲ್ಲೋ?"

"ಸುಮ್ಮನಿರವ್ವ. ಎಣಸಾಕತ್ತೀನಿ."

ಎಣಿಸುತ್ತಿದ್ದಾರಂತೆ. ಎಣಿಸುತ್ತಿದ್ದಾರೆ ಅಂದಮೇಲೆ —