ದೋಣಿ ಅತ್ತೆಯ ಐದನೇ ಸುತ್ತು

ಮಾರ್ಚ್ 4, ಮಂಗಳವಾರ. ಸಂಜೆ

ನಿನ್ನೆ, ಸೋಮವಾರ, ತಂಗಿ ಪಾಠ ಮಾಡುವ ಮೂರನೇ ತರಗತಿಯ ಇಪ್ಪತ್ತಾರು ಮಕ್ಕಳಿಗೂ ಒಂದೇ ಲೆಕ್ಕಕ್ಕೆ ಸೊನ್ನೆ ಹಾಕಿದ್ದಾರೆ. ಸರಿಯಾದ ಉತ್ತರಕ್ಕೆ ಸೊನ್ನೆ. ಹಾಲು ಒಲೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಉಕ್ಕಿದರೆ ಉಕ್ಕಲಿ.

ಪ್ರಶ್ನೆ ಇದು: ಒಂದು ದೋಣಿಯಲ್ಲಿ ಒಮ್ಮೆಗೆ ಎಂಟು ಜನ ಮಾತ್ರ ಕೂರಬಹುದು. ಮೂವತ್ತು ಜನರನ್ನು ನದಿ ದಾಟಿಸಲು ದೋಣಿ ಎಷ್ಟು ಸಲ ಹೋಗಬೇಕು? ಮೇಲಿನಿಂದ ಬಂದ ಕೀ ಆನ್ಸರ್: ನಾಲ್ಕು. ಮಕ್ಕಳು ಬರೆದದ್ದು ಐದು. ದೋಣಿ ತಾನಾಗಿ ಹೋಗುವುದಿಲ್ಲವಲ್ಲ. ಎಂಟರಲ್ಲಿ ಒಂದು ಜಾಗ ಹುಟ್ಟು ಹಾಕುವವರದು. ಪ್ರಯಾಣಿಕರಿಗೆ ಉಳಿದದ್ದು ಏಳು. ನಾಲ್ಕು ಸಲಕ್ಕೆ ಇಪ್ಪತ್ತೆಂಟು. ಇಬ್ಬರು ದಡದಲ್ಲೇ ನಿಂತಿರುತ್ತಾರೆ.

ಇದು ಆ ಮಕ್ಕಳಿಗೆ ಹೊಳೆದದ್ದು ಪವಾಡವೇನಲ್ಲ. ಜೂನ್‌ನಿಂದ ತಂಗಿ ಅವರಿಗೆ ಒಂದೇ ಕಥೆ ಹೇಳುತ್ತಿದ್ದಾಳೆ. ದೋಣಿ ಅತ್ತೆ ಎಂಬ ಹೆಂಗಸು, ಅವಳ ನದಿ, ದಾಟುವ ಜನ. ಕಥೆ ಒಂದು ತೊಡಕಿನಲ್ಲಿ ನಿಲ್ಲುತ್ತದೆ. ಆ ದಿನದ ಪಾಠ ಬಂದರೆ ಮಾತ್ರ ತೊಡಕು ಬಿಡಿಸಲು ಸಾಧ್ಯ. ಮಕ್ಕಳು ಬಿಡಿಸದೆ ಮರುದಿನ ಕಥೆ ಮುಂದೆ ಹೋಗದು. ತೂಕ, ಮಗ್ಗಿ, ಮಳೆ, ಆವಿ ಎಲ್ಲ ಹೀಗೇ ಆದವು. ನೆಲದ ಮೇಲೆ ಸೀಮೆಸುಣ್ಣದ ನದಿ, ಎರಡು ಬೆಂಚಿನ ದೋಣಿ, ಡಸ್ಟರೇ ಮೊಸಳೆ. ಪ್ರತಿ ಸಲವೂ ಒಬ್ಬರು ಹುಟ್ಟು ಹಾಕಲು ಕೂರಲೇಬೇಕು. ಅದಕ್ಕಾಗಿ ಜಗಳವಾಡಿ, ಚೀಟಿ ಎತ್ತಿ ಕೂತ ಮಕ್ಕಳು ಅವರು.

ತಂಗಿ ನಗುತ್ತಾ ಬಂದಳು. ಚಪ್ಪಲಿ ಬಿಡುವ ಮೊದಲೇ —

"ಅಕ್ಕಾ, ಇಪ್ಪತ್ತಾರೂ ಐದು! ಒಂದಾದ್ರೂ ನಾಲ್ಕು ಬರೀಬಾರ್ದಾ, ಕತ್ತೆಗಳು!"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳ ಮುಖ ಹೀಗೆ ಬೆಳಗಿದ್ದನ್ನು ಕಂಡದ್ದು ಕಡಿಮೆ. ನಾಳೆ ಹೆಡ್‌ಮಿಸ್‌ಗೆ ವಿವರಿಸುತ್ತಾಳಂತೆ. ಸರಿಪಡಿಸುತ್ತಾರಂತೆ.

"ಅವರು ತಪ್ಪು ಒಪ್ಪಿಕೊಂಡ್ರೆ ನನ್ನ ಒಂದು ಕಿವಿ ಕತ್ತರಿಸಿ ಕೊಡ್ತೀನಿ" ಅಂದೆ.

"ನಿನ್ನ ಕಿವಿ ತಗೊಂಡು ಏನ್ ಮಾಡ್ಲಿ? ಹೇಗಿದ್ರೂ ಕೇಳ್ಸಲ್ಲ ಅದು."

ಹಾಲು ಉಕ್ಕಿತು.

ಮಾರ್ಚ್ 6, ಗುರುವಾರ

ಕಿವಿ ಉಳಿಯಿತು.

ಹೆಡ್‌ಮಿಸ್ ಎಲ್ಲ ಕೇಳಿಸಿಕೊಂಡರಂತೆ. ಕೆಟ್ಟವರಲ್ಲ. ಹೆದರಿದವರು. ಕೆಟ್ಟವರಿಗಿಂತ ಇಂಥವರಿಂದಲೇ ಹೆಚ್ಚು ಕೆಲಸ ಕೆಟ್ಟಿದೆ. ನಾನು ಓದಿದ ಇತಿಹಾಸವೆಲ್ಲ ಅದನ್ನೇ ಹೇಳುತ್ತದೆ.

"ನೀವು ಹೇಳೋದು ಅರ್ಥ ಆಗತ್ತೆ ಮಿಸ್. ಆದ್ರೆ ಕೀ ಆನ್ಸರ್‌ನಲ್ಲಿ ನಾಲ್ಕಿದೆ. ಕೀ ಆನ್ಸರ್ ತಿದ್ದೋಕೆ ನಾನ್ಯಾರು?"

"ಮಕ್ಕಳನ್ನ ಕರೆದು ಕೇಳಿ ಮೇಡಂ. ಯಾಕೆ ಐದು ಅಂತ ಹೇಳ್ತಾರೆ."

"ಅದೇ ಈಗ ತೊಂದರೆ. ಎಲ್ಲಾ ಒಂದೇ ತಪ್ಪು ಬರೆದಿದ್ದಾರೆ. ಶಾಲಾ ಸಮಿತಿಯವರು ಇದನ್ನ ಕಾಪಿ ಅಂತಿದ್ದಾರೆ."

ಎಲ್ಲರೂ ನಾಲ್ಕು ಬರೆದಿದ್ದರೆ? ಆಗ ಅದು ಒಳ್ಳೆಯ ಬೋಧನೆ. ಎಲ್ಲರೂ ಐದು ಬರೆದರೆ ಕಳ್ಳತನ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಎತ್ತು ಹೇಗೆ ಈಯುತ್ತದೆ ಎಂದು ಕೇಳಿದ ಮಗುವಿಗೆ ಸೊನ್ನೆ.

ಮಾರ್ಚ್ 8, ಶನಿವಾರ. ಬೆಳಗ್ಗೆ

ಮೆಟ್ಟಿಲ ಮೇಲೆ ಗುಬ್ಬಿ ಸಿಕ್ಕಳು. ಕೆಳಮನೆಯ ಟೈಲರಮ್ಮನ ಮಗಳು, ತಂಗಿಯ ಕ್ಲಾಸಿನವಳೇ. ಕಾಲರಿಗೆ ಇನ್ನೂ ದಾರ ಅಂಟಿತ್ತು. ಗಂಭೀರವಾಗಿ ನನಗೊಂದು ಉಪಾಯ ಹೇಳಿದಳು.

"ಅಜ್ಜಿ, ನಾಲ್ಕೂ ಆಗತ್ತೆ. ಅತ್ತೆ ದೋಣೀಲಿ ಕೂರ್ದೆ ಹಿಂದೆ ಈಜ್ಕೊಂಡು ತಳ್ಳಿದ್ರೆ."

"ಪಾಪ, ಚಳಿ ಆಗಲ್ವೇನೆ ಅವಳಿಗೆ?"

"ಆಗತ್ತೆ. ಅದಕ್ಕೇ ಐದು ಬರೆದ್ವಿ."

"ಹೋಗ್ಲಿ, ಮೂವತ್ತು ಜನರಲ್ಲೇ ಒಬ್ರು ಹುಟ್ಟು ಹಾಕಿದ್ರೆ?"

ಬೆರಳು ಮಡಿಸಿ ಬಿಡಿಸಿ, ಬಹಳ ಹೊತ್ತು ಗೋಡೆ ನೋಡಿದಳು. "ಆಗ್ಲೂ ಐದೇ ಅಜ್ಜಿ! ದೋಣಿ ವಾಪಸ್ ತರೋಕೆ ಒಬ್ರು ಬರ್ಬೇಕಲ್ಲ!"

ಒಳಗೆ ಬಂದು ಕಾಗದದ ಮೇಲೆ ಹಾಕಿ ನೋಡಿದೆ. ಹೌದು. ಆಗಲೂ ಐದೇ. ನನಗೆ ಹೊಳೆದಿರಲಿಲ್ಲ. ಕೀ ಆನ್ಸರ್ ಬರೆದವರಿಗೂ ಹೊಳೆದಿರಲಿಕ್ಕಿಲ್ಲ. ಎಂಟು ವರ್ಷದ ಹುಡುಗಿಗೆ ಮೆಟ್ಟಿಲ ಮೇಲೆ ನಿಂತು ಹೊಳೆಯಿತು — ಕಥೆ ಅವಳನ್ನು ಆ ದೋಣಿಯೊಳಗೆ ಕೂರಿಸಿತ್ತು.

ಮಾರ್ಚ್ 11, ಮಂಗಳವಾರ

ಕಥೆ ನಿಲ್ಲಿಸಿದ್ದಾರೆ.

ಸ್ಟಾಫ್ ರೂಮಿನಲ್ಲಿ ಟೈಪ್ ಮಾಡಿದ ಒಂದು ಹಾಳೆ. "ಮೂರನೇ ತರಗತಿಯಲ್ಲಿ ಪಠ್ಯೇತರ ಕಥೆ ಹೇಳುವುದನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ." ಬದಲಿಗೆ ಕಥಾಕಾರ್ಡುಗಳು ಬಂದಿವೆ. ಲ್ಯಾಮಿನೇಷನ್ ಮಾಡಿದ್ದು. ತಂಗಿ ಒಂದನ್ನು ತಂದು ತೋರಿಸಿದಳು. ಎಂಟು ಸಾಲಿನ ಕಥೆ, ಕೆಳಗೆ ನೀತಿ, ನೀತಿಯ ಕೆಳಗೆ ಐದು ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ಮಕ್ಕಳು ಮೊದಲು ಹಿಂಬದಿ ತಿರುಗಿಸುತ್ತಾರಂತೆ. ತಪ್ಪೇನು? ನಾನೂ ತಿರುಗಿಸುತ್ತಿದ್ದೆ.

ಶಾಲೆಯ ಗೇಟಿನ ಬೋರ್ಡಿನಲ್ಲಿ ಮಾತ್ರ "ಕಥೆಯೊಂದಿಗೆ ಕಲಿಕೆ" ಹಾಗೇ ಇದೆ. ಕೆಳಗೆ ತಂಗಿಯ ಫೋಟೋ, ಕೈ ಎತ್ತಿ ಕಥೆ ಹೇಳುತ್ತಿರುವುದು. ಅಡ್ಮಿಷನ್ ಸಮಯ, ತೆಗೆಯುವುದಿಲ್ಲ.

ದೋಣಿ ಅತ್ತೆ ಈಗ ನಡುನೀರಿನಲ್ಲಿದ್ದಾಳೆ. ಮಂಜು ಕವಿದಿದೆ, ದಡ ಕಾಣದು. ದಿಕ್ಕಿನ ಪಾಠಕ್ಕೆಂದು ಅಲ್ಲಿ ನಿಲ್ಲಿಸಿದ್ದಂತೆ. ಮಕ್ಕಳು ಬೆಳಗ್ಗೆಯಿಂದ ಅದನ್ನೇ ಕೇಳುತ್ತಿದ್ದಾರೆ.

"ನೀನೇನಂದೆ?"

"ಕಾರ್ಡ್ ಓದಿದೆ."

ಮಾರ್ಚ್ 12, ಬುಧವಾರ

ಸಮಿತಿಯ ಅಧ್ಯಕ್ಷರ ಅಂಗಡಿಗೆ ಹೋದೆ. ಪೈಪು, ನಲ್ಲಿ, ವಾಷರ್. ಇವರನ್ನು ನನಗೆ ಹಳೆಯ ಕಾಲದಿಂದ ಗೊತ್ತು. ನಾನು ಗ್ರಂಥಪಾಲಕಿಯಾಗಿದ್ದ ಓದುವ ಕೋಣೆಯನ್ನು "ಬಣ್ಣ ಬಳಿಯೋಕೆ, ಎರಡೇ ತಿಂಗಳು" ಎಂದು ಮುಚ್ಚಿಸಿದವರು. ಹನ್ನೊಂದು ವರ್ಷವಾಯಿತು. ಬಣ್ಣ ಇನ್ನೂ ಒಣಗಿಲ್ಲ. ಒಳಗೆ ಅವರ ಪೈಪುಗಳಿವೆ. ಊರು ಮರೆತಿದೆ. ನಾನು ಮರೆತಿಲ್ಲ.

ಕುರ್ಚಿ ಕೊಟ್ಟರು. ಮರ್ಯಾದೆಯಲ್ಲಿ ಎಂದೂ ಕೊರತೆಯಿಲ್ಲ.

"ಅಮ್ಮಾ, ನೀವು ಓದಿದವರು. ಮೂವತ್ತನ್ನ ಎಂಟರಿಂದ ಭಾಗಿಸಿದ್ರೆ ಎಷ್ಟು, ನೀವೇ ಹೇಳಿ."

"ಹುಟ್ಟು ಹಾಕೋರು ಎಲ್ಲಿ ಕೂರ್ತಾರೆ, ನೀವು ಹೇಳಿ."

"ಅಯ್ಯೋ, ಈಗೆಲ್ಲಾ ಮೋಟಾರ್ ದೋಣಿ ಅಮ್ಮಾ!"

ಅಂಗಡಿಯವರೆಲ್ಲ ನಕ್ಕರು.

"ಮೋಟಾರ್ ಓಡಿಸೋರು ನಿಮ್ಮ ತೊಡೆ ಮೇಲೆ ಕೂರ್ತಾರಾ?"

ಅದಕ್ಕೂ ನಕ್ಕರು, ಅಧ್ಯಕ್ಷರೊಬ್ಬರನ್ನು ಬಿಟ್ಟು. ಮುಖ ಬಿಗಿಯಿತು. "ನೋಡಿ, ನಿಮ್ಮ ತಂಗಿ ಒಳ್ಳೇ ಟೀಚರ್ರು. ಆದ್ರೆ ಮಕ್ಕಳು ನಾಳೆ ದೊಡ್ಡ ದೊಡ್ಡ ಪರೀಕ್ಷೆ ಬರೀಬೇಕು. ಅಲ್ಲಿ ಇಂಥ ಅತ್ತೇರೆಲ್ಲ ಬಂದ್ರೆ ಕಷ್ಟ."

ಎದ್ದು ಬಂದೆ. ದಾರಿಯುದ್ದಕ್ಕೂ ಹೇಳಬೇಕಾಗಿದ್ದ ಮಾತುಗಳು ಹೊಳೆದವು. ಯಾವಾಗಲೂ ಹೀಗೇ. ಅಂಗಡಿ ದಾಟಿದ ಮೇಲೆ ನಾನು ಮಹಾ ವಾಗ್ಮಿ.

ಮಾರ್ಚ್ 20, ಗುರುವಾರ

ಒಂದು ವಾರ ಬರೆದಿಲ್ಲ. ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು.

ಸಮಿತಿ ತೀರ್ಮಾನಿಸಿದೆ. ಮೂರನೇ ತರಗತಿಯ ಗಣಿತ ಪತ್ರಿಕೆ ರದ್ದು. ಸೋಮವಾರ ಮರುಪರೀಕ್ಷೆ. ದೋಣಿಯ ಪ್ರಶ್ನೆ ಮತ್ತೆ ಇರುತ್ತದೆ, ಬೇಕೆಂದೇ — "ಮಕ್ಕಳು ತಿದ್ದಿಕೊಂಡಿದ್ದಾರಾ ನೋಡೋಕೆ". ಮತ್ತೆ ಐದು ಬರೆದವರು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು. ತಿದ್ದಬೇಕಾದವಳು ತಂಗಿ. ಬೇರೆ ಯಾರೂ ಅಲ್ಲ. ಅವಳೇ, ತನ್ನ ಬಾಯಿಂದಲೇ.

ನಾನು ಹೇಳಿದೆ — ಹೇಳಬೇಡ. ರಜೆ ಹಾಕು. ಅವರಲ್ಲೊಬ್ಬರು ಬಂದು ಆ ಸುಳ್ಳನ್ನು ಹೇಳಲಿ.

"ಮಕ್ಕಳು ಫೇಲಾದ್ರೆ?"

"ಇಪ್ಪತ್ತಾರು ಮಕ್ಕಳನ್ನೂ ಫೇಲ್ ಮಾಡೋ ಧೈರ್ಯ ಯಾರಿಗಿದೆ? ಊರೇ ಎದ್ದು ಕೂರತ್ತೆ."

"ಯಾವ ಊರು ಅಕ್ಕ? ನಿನ್ನ ಓದೋ ಕೋಣೆಗೆ ಎದ್ದು ಕೂತಿತ್ತಲ್ಲ, ಆ ಊರಾ?"

ಅವಳು ಇನ್ನೂ ಮೆಲ್ಲಗೆ ಮುಂದುವರಿದಳು.

"ನಿನಗೇನು, ಕೋಪ ಮಾಡ್ಕೊಳ್ಳೋಕೆ ರಜೆ ಚೀಟಿ ಬೇಕಾಗಿಲ್ಲ. ಗುಬ್ಬಿ ಅಮ್ಮ ನಿನ್ನೆ ಬಂದಿದ್ರು. ಹೊಲಿಗೆ ಅರ್ಧಕ್ಕೆ ಬಿಟ್ಟು, ಟೇಪು ಕುತ್ತಿಗೇಲೇ ಇತ್ತು. 'ಮಿಸ್, ಹೇಗಾದ್ರೂ ನಾಲ್ಕು ಬರೆಸಿಬಿಡಿ' ಅಂದ್ರು. ಕೈ ಮುಗಿದ್ರು ಅಕ್ಕ. ನಾನು ಅವರಿಗೆ ದೋಣಿ ಲೆಕ್ಕ ಹೇಳ್ಲಾ?"

ಮಾರ್ಚ್ 21, ಶುಕ್ರವಾರ

ಹೇಳಿಕೊಟ್ಟಳು.

ಊಟಕ್ಕೆ ಕೂರದೆ, ಬಾಗಿಲ ಚೌಕಟ್ಟಿಗೆ ಒರಗಿ ಹೇಳಿದಳು. ನಾನು ಕೇಳಿರಲಿಲ್ಲ.

ಬೆಂಚುಗಳನ್ನು ಸಾಲಿಗೆ ಹಾಕಿಸಿದಳಂತೆ. ನೆಲದ ನದಿಯನ್ನು ಶಾಲೆಯ ಆಯಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬೋರ್ಡಿನ ಮೇಲೆ ಮೂವತ್ತು, ಭಾಗಿಸು ಚಿಹ್ನೆ, ಎಂಟು. ಭಾಗಲಬ್ಧ ಮೂರು, ಶೇಷ ಆರು, ಆದ್ದರಿಂದ ನಾಲ್ಕು. ಹಿಂದಿನ ಸಾಲಿನಿಂದ ಒಂದು ಮಗು — "ಮಿಸ್, ಅತ್ತೆ ಎಲ್ಲಿ ಕೂರ್ತಾಳೆ?"

"ನೀನೇನಂದೆ?" ಕೇಳಿದೆ.

"ಪ್ರಶ್ನೇಲಿ ಇರೋದನ್ನ ಮಾತ್ರ ನೋಡಿ ಅಂದೆ."

ಮಕ್ಕಳು ಎದುರು ಮಾತಾಡಲಿಲ್ಲವಂತೆ. ಅದೇ ತಡೆಯಲಾಗಲಿಲ್ಲವಂತೆ. ಒಬ್ಬರಾದರೂ ಜಗಳ ತೆಗೆಯುತ್ತಾರೆಂದು ಕಾದಳಂತೆ. ಜೂನ್‌ನಿಂದ ಎಲ್ಲಕ್ಕೂ ಜಗಳ ತೆಗೆದ ಮಕ್ಕಳು. ಪುಸ್ತಕ ತೆರೆದು ನಾಲ್ಕು ಅಂತ ಬರೆದುಕೊಂಡರು. ಅಂದವಾಗಿ, ಕೆಳಗೆ ಎರಡು ಗೆರೆ ಎಳೆದು.

"ನನ್ನನ್ನ ನಂಬ್ತಾರೆ ಅಕ್ಕ. ಅದೇ ತೊಂದರೆ."

ತಟ್ಟೆ ಹಾಕಿದೆ. ಇಬ್ಬರೂ ತಿನ್ನಲಿಲ್ಲ.

ಮಾರ್ಚ್ 24, ಸೋಮವಾರ

ಮಧ್ಯಾಹ್ನ ಮೂರರಿಂದ ಮೆಟ್ಟಿಲ ಮೇಲೆಯೇ ಕೂತಿದ್ದೆ, ಸೊಪ್ಪು ಬಿಡಿಸುವ ನೆಪ ಮಾಡಿಕೊಂಡು. ಗುಬ್ಬಿ ಬಂದಳು. ಬ್ಯಾಗು ಅವಳಿಗಿಂತ ದೊಡ್ಡದು.

"ಏನ್ ಬರೆದೆ?"

"ನಾಲ್ಕು."

"ಮತ್ತೆ ಅತ್ತೆ?"

ನನ್ನನ್ನು ನೋಡಿದ ರೀತಿ... ದೊಡ್ಡವರು ಚಿಕ್ಕವರನ್ನು ನೋಡುವ ಹಾಗೆ.

"ಅವಳು ಪ್ರಶ್ನೇಲಿ ಇಲ್ಲ ಅಜ್ಜಿ."

ಬೇರೇನೂ ಬರೆಯಲಾರೆ ಇವತ್ತು.

ಮಾರ್ಚ್ 28, ಶುಕ್ರವಾರ

ಎಲ್ಲರೂ ಪಾಸು. ಗೇಟಿಗೆ ಬ್ಯಾನರ್ ಕಟ್ಟಿದ್ದಾರೆ: ನೂರಕ್ಕೆ ನೂರು. ಈ ಸಲ ಇಪ್ಪತ್ತಾರೂ ಒಂದೇ ಉತ್ತರ, ಯಾರೂ ಕಾಪಿ ಅನ್ನಲಿಲ್ಲ.

ನಾಳೆ ಪೇರೆಂಟ್ಸ್ ಮೀಟಿಂಗ್. ಪ್ರಶ್ನೆ ಕೇಳಲು ಅವಕಾಶ ಇದೆ, "ಸಮಯ ಉಳಿದಲ್ಲಿ". ಯಾವ ಮಗುವಿಗೂ ನಾನು ಪೋಷಕಿಯಲ್ಲ. ಗುಬ್ಬಿಯ ಅಜ್ಜಿ ಎಂದು ಹೋಗುತ್ತೇನೆ. ಟೈಲರಮ್ಮನನ್ನು ಕೇಳಿದೆ. ಬಟ್ಟೆಯಿಂದ ಕಣ್ಣೆತ್ತದೆ ಅಂದರು — "ಬಿಡಿ ದೊಡ್ಡಮ್ಮ, ಮಗು ಪಾಸಾಯ್ತಲ್ಲ. ಆಮೇಲೆ ಅವಳ ಮೇಲೆ ಕಣ್ಣಿಡ್ತಾರೆ." ಸೀಟು ಹಿಡಿದಿಡುವೆ ಅಂತ ಮಾತ್ರ ಹೇಳಿದರು.

ತಂಗಿ ಬೇಡ ಅನ್ನಲಿಲ್ಲ. "ಕಿರುಚಬೇಡ" ಅಂದಳು.

ಮಾರ್ಚ್ 29, ಶನಿವಾರ. ಸಂಜೆ

ಕಿರುಚಲಿಲ್ಲ. ಮೆಲ್ಲಗೇ ಕೇಳಿದೆ. ಎದ್ದು ನಿಂತು, ಕೊನೆಯ ಸಾಲಿನಿಂದ: ಮೊದಲ ಪರೀಕ್ಷೆಯಲ್ಲಿ ಮಕ್ಕಳು ಬರೆದ ಉತ್ತರದಲ್ಲಿ ತಪ್ಪೇನಿತ್ತು? ಕಥೆ ನಿಲ್ಲಿಸಿದ್ದು ಯಾವ ತಪ್ಪಿಗೆ?

ಅಧ್ಯಕ್ಷರು ಸಿಟ್ಟಾಗಲಿಲ್ಲ. ನಕ್ಕರು. ಮೈಕನ್ನು ಪಕ್ಕಕ್ಕೆ ತಿರುಗಿಸಿದರು. ವೇದಿಕೆಯ ಮೇಲೆ, ಟೀಚರ್‌ಗಳ ಸಾಲಿನ ತುದಿಯಲ್ಲಿ, ತಂಗಿ ಕೂತಿದ್ದಳು.

"ಅವರ ಟೀಚರೇ ಇಲ್ಲಿದ್ದಾರಲ್ಲ. ಮಿಸ್, ನೀವೇ ಹೇಳಿಬಿಡಿ. ಮೂವತ್ತು ಜನ, ಎಂಟು ಜನರ ದೋಣಿ. ಉತ್ತರ ಎಷ್ಟು?"

ಇಡೀ ಹಾಲ್ ತಿರುಗಿ ಅವಳನ್ನು ನೋಡಿತು. ಮುಂದಿನ ಚಾಪೆಯ ಮೇಲೆ ಮೂರನೇ ತರಗತಿಯ ಮಕ್ಕಳು. ಗುಬ್ಬಿಯ ಜಡೆ ಕಾಣುತ್ತಿತ್ತು. ತಂಗಿ ಎದ್ದಳು. ನನ್ನ ಕಡೆ ನೋಡಲಿಲ್ಲ. ಮಕ್ಕಳ ಕಡೆ ನೋಡಿದಳು.

"ನಾಲ್ಕು" ಅಂದಳು.

ಚಪ್ಪಾಳೆ. ಮಕ್ಕಳೂ ತಟ್ಟಿದರು. ನನ್ನ ಪಕ್ಕದಲ್ಲಿ ಟೈಲರಮ್ಮ ನನ್ನ ಸೆರಗು ಹಿಡಿದು ಕೂರಿಸಿದರು, ಬಹಳ ಮೃದುವಾಗಿ, ಕಾಯಿಲೆಯವರನ್ನು ಕೂರಿಸುವ ಹಾಗೆ. ಇನ್ನೇನಾದರೂ ಇದ್ದರೆ ಲಿಖಿತವಾಗಿ ಕೊಡಿ ಎಂದರು ಅಧ್ಯಕ್ಷರು. ಆಮೇಲೆ ಬಿಸ್ಕತ್ತು ಹಂಚಿದರು.

ಜೂನ್‌ನಿಂದ ತಂಗಿಗೆ ಆಫೀಸು ಕೆಲಸವಂತೆ. ಹೆಡ್‌ಮಿಸ್ ದಾರಿಯಲ್ಲಿ ನಿಂತು ಹೇಳಿದರು, ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ. "ಗಂಟಲಿಗೂ ರೆಸ್ಟ್ ಆಗತ್ತೆ ಅವರಿಗೆ."

ಮನೆಗೆ ಬಂದಾಯಿತು. ಒಳಕೋಣೆಯಲ್ಲಿ ಅವಳು ಬಟ್ಟೆ ಮಡಿಸುತ್ತಿದ್ದಾಳೆ. ಅವಳ ಮೇಲೆ ಕೋಪವಿಲ್ಲ. ಹುಡುಕಿದೆ, ಸಿಗಲಿಲ್ಲ.

ಲಿಖಿತವಾಗಿ ಅಂದರಲ್ಲ. ಬರೆಯುತ್ತೇನೆ. ಯಾರೂ ಓದುವುದಿಲ್ಲ, ಗೊತ್ತು. ಓದುವ ಕೋಣೆಗಾಗಿ ಬರೆದವುಗಳನ್ನೂ ಓದಲಿಲ್ಲ.

ಮಾನ್ಯ ಅಧ್ಯಕ್ಷರೇ, ಸಮಿತಿಯ ಸದಸ್ಯರೇ. ಉತ್ತರವನ್ನು ನನಗೆ ಕೊಡಬೇಡಿ. ಅಂಗಡಿಯಲ್ಲಿ ಕುರ್ಚಿ ಹಾಕಿ ಕೊಡಬೇಡಿ. ನನ್ನ ತಂಗಿಯ ಬಾಯಿಂದ ಕೊಡಿಸಬೇಡಿ. ಇವತ್ತಿನ ಅದೇ ಹಾಲ್‌ನಲ್ಲಿ, ಅದೇ ಇಪ್ಪತ್ತಾರು ಮಕ್ಕಳ ಎದುರಿಗೆ, ನೀವೇ ಬೆಂಚು ಹಾಕಿ. ನಿಮ್ಮಲ್ಲಿ ಎಂಟು ಜನ ಕೂತು ತೋರಿಸಿ. ಆಮೇಲೆ ನಿಮ್ಮಲ್ಲೊಬ್ಬರು ಎದ್ದು ನಿಂತು, ಮಕ್ಕಳ ಮುಖ ನೋಡಿ, ಮೈಕಿನಲ್ಲಿ ಹೇಳಿ — ಈ ದೋಣಿಯನ್ನು ನಡೆಸುತ್ತಿರುವವರು ಯಾರೂ ಇಲ್ಲ ಎಂದು.