ಪೈಪಿನ ಬಾಯಲ್ಲಿ ಚೆಂಡುಹೂ

ಅಕ್ಟೋಬರ್ 4, ಶನಿವಾರ

ಇನ್ನೂ ಮೈ ಉರಿಯುತ್ತಿದೆ. ಆಯುಧಪೂಜೆಯ ಮರುದಿನದಿಂದ ನಮ್ಮ ದೋಣಿಯ ಹಳೇ ಡೀಸೆಲ್ ಎಂಜಿನ್ ಮೆಟ್ಟೂರು ಡ್ಯಾಮಿನ ನಡುನೀರಿನಲ್ಲಿ ಬಿಸಿಯೇರಿ ನಿಲ್ಲುತ್ತಿತ್ತು. ಬೆಳಿಗ್ಗೆ ತುಂಬು ಬಸುರಿಯೊಬ್ಬಳನ್ನು ಆಸ್ಪತ್ರೆಗೆ ದಾಟಿಸುವಾಗಲೂ ನಿಂತಿತು. ಹುಟ್ಟು ಹಾಕಿ ದಡ ಸೇರಿಸುವಷ್ಟರಲ್ಲಿ ಜೀವ ಬಾಯಿಗೆ ಬಂತು. ಪಂಪು ಬಿಚ್ಚಿದೆ, ಹೆಡ್ ಬಿಚ್ಚಿದೆ, ಏನೂ ಸಿಗಲಿಲ್ಲ. ಕಡೆಗೆ, ಎಂಜಿನ್ ತಣಿಸಲು ಡ್ಯಾಮಿನ ನೀರೆಳೆಯುವ ಪೈಪನ್ನು ಕಳಚಿದರೆ ಅದರ ಬಾಯಿತುಂಬ ಕೊಳೆತ ಚೆಂಡುಹೂ!

ಪೂಜೆಯ ಹಾರವನ್ನು ನನ್ನ ಅಣ್ಣ ಮಾದೇಶ ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟಿದ್ದಾನೆ. ರೇಗಿದರೆ, "ಸಾಮಿ ಊವು ಲಾ, ಕಾಲಲ್ಲಿ ತುಳಿಯಕಾಯ್ತದಾ?" ಎಂದು ನನ್ನನ್ನೇ ಗದರಿಸುತ್ತಾನೆ!

ಪೈಪು ತೊಳೆದು ಹಾಕಿದೆ, ಎಂಜಿನ್ ಸೊಗಸಾಗಿ ಓಡಿತು. ಅವನು ಕೈಮುಗಿದ: "ನೋಡ್ಲಾ, ಸಾಮಿ ಕೈಬಿಡ್ನಿಲ್ಲ."

ಆ ಖುಷಿಗೆ ಎಂಜಿನ್ನಿಗೆ ಹೊಸ ಹಾರ ಹಾಕಿದ್ದಾನೆ. ದೋಣಿಯಲ್ಲೇ ಮಲಗಿದ್ದೇನೆ. ಅದು ಬಾಡಿ, ನಾನೇ ತೆಗೆದು ದಡದ ಮರದ ಬುಡಕ್ಕೆ ಹಾಕುವವರೆಗೆ ಕದಲುವುದಿಲ್ಲ.