ಸಿಗದ ರಜೆ

ಫೆಬ್ರವರಿ 11, 2016, ಖಾಲಿದಿಯಾ

ಕ್ಲಿನಿಕ್ಕಿನಿಂದ ಬಂದು ಯೂನಿಫಾರ್ಮ್ ನೆನೆಸಿಟ್ಟೆ. ಗಂಡ ಎಡ್ವರ್ಡ್ ಮರಳುಗಾಡಿನಾಚೆಯ ರುವೈಸ್‌ನ ಕೆಲಸದಿಂದ ವೀಕೆಂಡಿಗೆ ಮನೆಗೆ ಬಂದರು, ಮೀನು ಹಿಡಿದುಕೊಂಡು. ಸಾರಿಗೆ ಅರೆಯುತ್ತಿದ್ದಾಗ ಫೋನ್. ವ್ಯಾಲೆಂಟೈನ್ — ತಂಗಿ ಎಲ್ಸಿಯ ಗಂಡ, ಅಮೆರಿಕದಿಂದ. ಕೀಮೋ ನಿಲ್ಲಿಸಿದ್ದಾರಂತೆ. ಎಲ್ಸಿ ನನ್ನನ್ನು ನೋಡಬೇಕು ಅನ್ನುತ್ತಿದ್ದಾಳಂತೆ.

ಮಾತು ಬಿಟ್ಟು ಎಂಟು ವರ್ಷ. ಅವನು ಡಿವೋರ್ಸ್ ಆದವನು, ಇಗರ್ಜಿಯಲ್ಲಿ ಮದುವೆಯಿಲ್ಲ ಅಂತ ನಾನು ಅವರ ಮದುವೆಗೆ ಹೋಗಲಿಲ್ಲ. ಆಮೇಲೆ ಅವಳ ಒಂದು ಫೋನೂ ಎತ್ತಲಿಲ್ಲ. ನಾನೇ ಎತ್ತಿ ಆಡಿಸಿದ ತಂಗಿ.

"ನಾಳೆಯೇ ಹೊರಡು ಮಾರಾಯ್ತಿ, ವೀಸಾ ಉಂಟಲ್ಲ," ಅಂದರು ಎಡ್ವರ್ಡ್. ಹೋದ ವರ್ಷ ಹಟ ಮಾಡಿ ಅವರೇ ಮಾಡಿಸಿದ್ದು.

"ಈಸ್ಟರ್ ಕಳೆಯಲಿ," ಅಂದೆ.

ಫೆಬ್ರವರಿ 20

ಟಿಕೆಟ್ ಏಪ್ರಿಲ್ ಎರಡಕ್ಕೆ. ಎಡ್ವರ್ಡ್ ಮಾತಾಡುತ್ತಿಲ್ಲ.

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅವಳಿಗೊಂದು ಸ್ವೆಟರ್ ಕೊಂಡೆ. ಸೈಜ್ ಗೊತ್ತಾಗಲಿಲ್ಲ. ಈಗ ಎಷ್ಟು ಸೊರಗಿದ್ದಾಳೋ... ಫೋನ್ ಮಾಡಿ ಕೇಳಬಹುದಿತ್ತು. ಏನಿದ್ದರೂ ಎದುರಿಗೇ ಮಾತಾಡುವಾ ಅಂತ ಬಿಟ್ಟೆ.

ಮಾರ್ಚ್ 9

ಎಲ್ಸಿ ಹೋದಳು.

ಏಪ್ರಿಲ್ 4, ನ್ಯೂ ಲಿಂಡೆನ್, ಮಿಸೌರಿ

ಟಿಕೆಟ್ ಕ್ಯಾನ್ಸಲ್ ಮಾಡಲಿಲ್ಲ. ಬಂದೆ.

ಚಿಕ್ಕ ಊರು. ಒಂದೇ ದೊಡ್ಡ ಬೀದಿ, ಇಟ್ಟಿಗೆಯ ಮನೆಗಳು. ಹಿಂದೆ ಜರ್ಮನಿಯಿಂದ ಬಂದವರು ಕಟ್ಟಿದ್ದು. ಅಂಗಡಿಗಳ ಮೇಲೆ ಈಗಲೂ ಅವರದೇ ಹೆಸರು — ನನ್ನ ಬಾಯಲ್ಲಿ ಹೊರಳುವುದಿಲ್ಲ.

ಬೇಕರಿಯಲ್ಲಿ ನನ್ನ ಹೆಸರು ಹೇಳಿದ್ದೇ ತಡ, ಮುದುಕಿ ಕೌಂಟರ್ ಬಿಟ್ಟು ಹೊರಗೆ ಬಂದಳು. ಡೆಬೊರಾ ಅಂತೆ, ಎಲ್ಸಿಯ ಪಕ್ಕದ ಮನೆ. ನನ್ನ ಎರಡೂ ಕೈ ಹಿಡಿದುಕೊಂಡಳು.

"ಗರ್ಟ್ರೂಡ್! ನನ್ನ ಅಜ್ಜಿಯ ಹೆಸರು! ಅಂತೂ ನಿಮ್ಮ ಕ್ಲಿನಿಕ್ಕಿನವರು ರಜೆ ಕೊಟ್ಟರಾ?"

ಅರ್ಥವಾಗಲಿಲ್ಲ.

"ಪ್ರತಿ ವರ್ಷ ಊರಿನ ಹಬ್ಬಕ್ಕೆ ಅಕ್ಕ ಬರ್ತಾಳೆ ಅನ್ನುತ್ತಿದ್ದಳು. ಆಮೇಲೆ, ಪಾಪ, ಈ ಸಲವೂ ರಜೆ ಸಿಗಲಿಲ್ಲವಂತೆ ಅನ್ನುತ್ತಿದ್ದಳು. ಇಂಥ ಕಟುಕರ ಹತ್ತಿರ ಹೇಗೆ ಕೆಲಸ ಮಾಡುತ್ತೀಯಮ್ಮ?"

ಸುಮ್ಮನೆ ತಲೆಯಾಡಿಸಿದೆ. ಆಡಿಸಿಬಿಟ್ಟೆ.

ಏಪ್ರಿಲ್ 5

ವ್ಯಾಲೆಂಟೈನ್ ಸಿಮೆಟ್ರಿಗೆ ಕರೆದುಕೊಂಡು ಹೋದ. ಹಳೆಯ ಕಲ್ಲುಗಳ ಮೇಲೆ ಜರ್ಮನ್ ಅಕ್ಷರ. ಎಲ್ಸಿಗೆ ಇನ್ನೂ ಕಲ್ಲಿಲ್ಲ. ಹಸಿ ಮಣ್ಣು ಅಷ್ಟೆ.

"ನಿಮಗಾದರೂ ನಿಜ ಹೇಳಿದ್ದಳಾ?" ಕೇಳಿದೆ.

"ನನಗೆ ಎಲ್ಲ ಗೊತ್ತು," ಅಂದ. "ಊರಲ್ಲಿ ಯಾರಿಗೂ ಹೇಳಬೇಡ ಅಂದಿದ್ದಳು. ನಾಳೆ ಅಕ್ಕ ಬಂದರೆ ಒಬ್ಬರೂ ಅವಳ ಮುಖ ನೋಡಿ ಬೇರೆ ಯೋಚನೆ ಮಾಡಬಾರದು, ಅಂತ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇರಬೇಕಿತ್ತು. ಮಣ್ಣಿನ ಮೇಲೆ ಕೂತುಬಿಟ್ಟೆ. ಎಬ್ಬಿಸಲಿಲ್ಲ ಅವನು. ಪಕ್ಕದಲ್ಲೇ ನಿಂತಿದ್ದ.

ಏಪ್ರಿಲ್ 22, ಖಾಲಿದಿಯಾ

ಡೆಬೊರಾಳ ಮೇಲ್. ಭಾನುವಾರ ಚರ್ಚಿನಲ್ಲಿ ಎಲ್ಸಿಯ ನೆನಪಿಗೆ ಎಲ್ಲರೂ ಸೇರುತ್ತಾರಂತೆ. ನನ್ನದೂ ನಾಲ್ಕು ಸಾಲು ಬೇಕಂತೆ, ಓದಲು.

"ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ," ಅಂದೆ.

ಎಡ್ವರ್ಡ್ ಪಕ್ಕಕ್ಕೆ ಬಂದು ಕೂತರು. "ಅವಳು ಸಾಯುವವರೆಗೆ ನಿನ್ನ ಮಾನ ಕಾಪಾಡಿದ್ದಲ್ವಾ ಗರ್ಟಿ. ಅದನ್ನು ಈಗ ನೀನು ತೆಗೆಯುವುದಾ?"

ಗೊತ್ತಿಲ್ಲ. ಬೆಳಗ್ಗೆಯಿಂದ ಬರೆದು ಹೊಡೆದು ಹಾಕಿದ್ದೇ ಆಯಿತು. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ —

ಪ್ರೀತಿಯ ಡೆಬೊರಾ, ನನಗೆ ವರ್ಷಕ್ಕೆ ಮೂವತ್ತು ದಿನ ರಜೆ ಇತ್ತು. ಪ್ರತಿ ವರ್ಷವೂ ಇತ್ತು. ಎಲ್ಸಿ ನಿಮಗೆ ಹೇಳಿದ್ದು...